ಆಟಗಾರರು ಕೋಟೆ ಬಿಟ್ಟು ಕದಲುತ್ತಿಲ್ಲವೇ? ಫ್ಯಾಂಟಸಿ ಸ್ಟ್ರಾಟಜಿ ಮ್ಯಾಪ್‌ನ ದೋಷ ಹುಡುಕುವ ಕೈಪಿಡಿ

ಮ್ಯಾಪ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಆಟವನ್ನು ಇಟ್ಟುಕೊಂಡಿದ್ದೇನೆ. ನ್ಯೂ ವರ್ಲ್ಡ್ ಕಂಪ್ಯೂಟಿಂಗ್‌ನವರು ಮಾಡಿದ ಈ ಆಟ ಬಂದದ್ದು 1999ರಲ್ಲಿ. ಇವತ್ತಿಗೂ ಜನ ಆಡುತ್ತಾರೆ. ಕೋಟೆಯಲ್ಲಿ ಪಡೆ ಕಟ್ಟಿ, ಹೀರೋ ಅನ್ನುವ ನಾಯಕನ ಕೈಗೆ ಕೊಟ್ಟು, ದಿನಕ್ಕೆ ಇಷ್ಟು ದೂರ ಅಂತ ಮ್ಯಾಪ್ ಸುತ್ತುವ ಆಟ ಇದು. ಆಟದ ಜೊತೆಗೇ ಮ್ಯಾಪ್ ಎಡಿಟರ್ ಬರುತ್ತದೆ, ಲೆಕ್ಕಗಳೂ ಬಿಡಿಬಿಡಿಯಾಗಿ ಸಿಗುತ್ತವೆ. ಹಾಗಾಗಿ ಕಲಿಯೋದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ನೀವು ನಿಮ್ಮದೇ ಆಟ ಬರೆಯುತ್ತಿದ್ದರೂ ಇಲ್ಲಿನ ಪರೀಕ್ಷೆಗಳು ನಡೆಯುತ್ತವೆ.

ಮೊದಲು ನನ್ನ ಮ್ಯಾಪ್ ಹೇಗೆ ಕೆಟ್ಟಿತು ಅಂತ ಹೇಳುತ್ತೇನೆ. 108 ಚೌಕ ಉದ್ದ, 108 ಚೌಕ ಅಗಲದ ಎಲ್ ಸೈಜಿನ ಮ್ಯಾಪ್ ಅದು. ಎರಡು ತಿಂಗಳು ಕೂತು ಮಾಡಿದ್ದೆ. ಒಂದೊಂದು ಮೂಲೆಯಲ್ಲೂ ಏನಾದರೊಂದು ಇಟ್ಟಿದ್ದೆ. ಗೆಳೆಯರಿಬ್ಬರು ಆಡಿದರು. ಮೂರು ವಾರ ಇಬ್ಬರೂ ಕೋಟೆಯ ಸುತ್ತಮುತ್ತಲೇ ಇದ್ದು ಪಡೆ ಕೂಡಿಹಾಕಿದರು. ನಾಲ್ಕನೇ ವಾರ ಒಂದೇ ಸಲ ಹೊರಟು ಎಲ್ಲವನ್ನೂ ಗುಡಿಸಿ ಹಾಕಿದರು. "ಶುರುವಿನಲ್ಲಿ ಬೋರು, ಆಮೇಲೆ ತೀರಾ ಸುಲಭ" ಅಂದರು. ಸುಲಭ ಅಂದರಲ್ಲ ಅಂತ ನಾನು ಕಾವಲು ಪಡೆಗಳನ್ನೆಲ್ಲ ದೊಡ್ಡದು ಮಾಡಿದೆ. ಮುಂದಿನ ಸಲ ಅವರು ನಾಲ್ಕು ವಾರ ಕೂತರು.

ಆ ಎರಡು ದೂರೂ ಒಂದೇ ದೋಷದಿಂದ ಬಂದವು ಅಂತ ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು. ಕೂತವರಿಗೆ ಲಾಭ, ಹೊರಟವರಿಗೆ ನಷ್ಟ ಅನ್ನುವ ಹಾಗೆ ನನ್ನ ಮ್ಯಾಪ್ ಇತ್ತು. ಗೆಳೆಯರು ಸರಿಯಾಗಿಯೇ ಆಡಿದ್ದರು.

ಸೇವ್ ಫೈಲ್ ತರಿಸಿ ನೋಡಿ

ಆಡಿದವರ ಅಭಿಪ್ರಾಯ ಕೇಳುವ ಮೊದಲು ಅವರ ಸೇವ್ ಫೈಲ್ ಕೇಳಿ. ಎರಡನೇ ವಾರದ ಮೊದಲ ದಿನದ್ದು ಒಂದು, ನಾಲ್ಕನೇ ವಾರದ ಮೊದಲ ದಿನದ್ದು ಒಂದು. ಆಟೋಸೇವ್ ಅಳಿಸಿಹೋಗುತ್ತದೆ, ಬೇರೆ ಹೆಸರಿನಲ್ಲಿ ಸೇವ್ ಮಾಡಿ ಅಂತ ಆಟಕ್ಕೆ ಮೊದಲೇ ಹೇಳಿಡಿ.

ಫೈಲ್ ತೆರೆದು, ಇನ್ನೂ ನೋಡದ ಜಾಗವನ್ನು ಮುಚ್ಚುವ ಕಪ್ಪು ಮುಸುಕು ಎಷ್ಟು ಸರಿದಿದೆ, ಎಷ್ಟು ಗಣಿಗಳ ಮೇಲೆ ಅವರ ಬಾವುಟ ಇದೆ, ಹೀರೋಗಳು ಎಲ್ಲಿ ನಿಂತಿದ್ದಾರೆ ಅಂತ ನೋಡಿ. ಮುಸುಕು ಸರಿದ ಜಾಗದ ಆಕಾರವೇ ಅರ್ಧ ಕಥೆ ಹೇಳುತ್ತದೆ. ಕೋಟೆಯ ಸುತ್ತ ಗುಂಡಗೆ ಮಾತ್ರ ತೆರೆದಿದ್ದರೆ ಆಟಗಾರ ಹೊರಟೇ ಇಲ್ಲ. ನಾಲ್ಕೈದು ಕಡೆ ಬೆರಳಿನ ಹಾಗೆ ಚಾಚಿ ಅಲ್ಲೇ ನಿಂತಿದ್ದರೆ, ಹೋಗಿ ಏನನ್ನೋ ನೋಡಿ ವಾಪಸ್ ಬಂದಿದ್ದಾನೆ. ಎರಡನೇ ವಾರದ ಫೈಲ್‌ನಲ್ಲಿ ಏನೂ ಇಲ್ಲ, ನಾಲ್ಕನೇ ವಾರದ್ದರಲ್ಲಿ ಎಲ್ಲವೂ ತೆರೆದಿದೆ ಅಂದರೆ ಬಲ ಬರುವ ತನಕ ಕಾದು ಆಮೇಲೆ ಗುಡಿಸಿದ್ದಾನೆ.

ಹೊರಡದವನಿಗೆ ದೂರ ಅಥವಾ ಬಹುಮಾನದ ಸಮಸ್ಯೆ. ವಾಪಸ್ ಬಂದವನಿಗೆ ಕಾವಲಿನ ಸಮಸ್ಯೆ. ಕಾದು ಗುಡಿಸಿದವನಿದ್ದರೆ ಕಷ್ಟ ಏರುವ ರೀತಿಯೇ ತಪ್ಪಿದೆ. ಯಾವುದು ಅಂತ ತಿಳಿಯದೆ ಸುಮ್ನೆ ನಂಬರ್ ಬದಲಾಯಿಸಬೇಡಿ. ನಾನು ಮಾಡಿದ್ದು ಅದನ್ನೇ.

ದೂರವನ್ನು ದಿನದಲ್ಲಿ ಅಳೆಯಿರಿ

ಎಡಿಟರ್‌ನಲ್ಲಿ ಕೂತಾಗ ಎಲ್ಲವೂ ಹತ್ತಿರ ಕಾಣುತ್ತದೆ. ಆಟಗಾರ ನಡೆಯುವುದು ದಿನದ ಲೆಕ್ಕದಲ್ಲಿ. ಹೀರೋಗೆ ದಿನಕ್ಕೆ ಸಿಗುವ ನಡಿಗೆ ಅವನ ಪಡೆಯಲ್ಲಿ ಎಲ್ಲರಿಗಿಂತ ನಿಧಾನದ ಜೀವಿಯ ಮೇಲೆ ನಿಂತಿದೆ. ವಿಶೇಷ ಕೌಶಲ, ವಸ್ತು ಯಾವುದೂ ಇಲ್ಲದಿದ್ದರೆ ಅದು 1500ರಿಂದ 2000 ಪಾಯಿಂಟ್. ವೇಗ 3 ಇರುವ ಡ್ವಾರ್ಫ್ ಒಬ್ಬ ಜೊತೆಗಿದ್ದರೂ ಸಾಕು, 1500ಕ್ಕೆ ಇಳಿಯುತ್ತದೆ. ಹುಲ್ಲಿನ ಮೇಲೆ ನೇರ ಒಂದು ಚೌಕಕ್ಕೆ 100, ಮರಳು ಮತ್ತು ಹಿಮದಲ್ಲಿ 150, ಜವುಗಿನಲ್ಲಿ 175 ಖರ್ಚು. ಮಣ್ಣಿನ ದಾರಿ ಇದ್ದರೆ 75, ಜಲ್ಲಿ ದಾರಿಗೆ 65, ಕಲ್ಲು ಹಾಸಿದ ದಾರಿಗೆ 50. ಓರೆಯಾಗಿ ನಡೆದರೆ ಇದಕ್ಕಿಂತ ಜಾಸ್ತಿ.

ಅಂದರೆ ಅದೇ ಹೀರೋ ಕಲ್ಲು ದಾರಿಯಲ್ಲಿ ದಿನಕ್ಕೆ 30 ಚೌಕ ಹೋಗುತ್ತಾನೆ, ಜವುಗಿನಲ್ಲಿ ಎಂಟು.

ನನ್ನ ಮ್ಯಾಪ್‌ನಲ್ಲಿ ಒಂದು ಗ್ರಿಫಿನ್ ಕನ್ಸರ್ವೇಟರಿ ಇಟ್ಟಿದ್ದೆ. ಒಳಗೆ ಕಾವಲಿರುವ ಗ್ರಿಫಿನ್ ಜೀವಿಗಳನ್ನು ಗೆದ್ದರೆ ಏಂಜೆಲ್ ಅನ್ನುವ ಬಲಶಾಲಿ ಜೀವಿ ಸಿಗುವ ಜಾಗ, ಯಾರು ತಾನೇ ಬಿಡುತ್ತಾರೆ ಅಂದುಕೊಂಡಿದ್ದೆ. ಕೋಟೆಯಿಂದ 38 ಚೌಕ ದೂರ, ಅದರಲ್ಲಿ 14 ಚೌಕ ಜವುಗು. ಲೆಕ್ಕ ಹಾಕಿದೆ. 24 ಚೌಕ ಹುಲ್ಲಿಗೆ 2400, ಜವುಗಿಗೆ 2450, ಒಟ್ಟು 4850. ದಿನಕ್ಕೆ 1500ರ ಹಾಗೆ ನಡೆದರೆ ಮುಟ್ಟುವುದು ನಾಲ್ಕನೇ ದಿನ. ವಾಪಸ್ ಬರಲು ಮತ್ತೆ ಅಷ್ಟೇ. ಹೀರೋಸ್ 3ರಲ್ಲಿ ಹೊಸ ಪಡೆ ಬರುವುದು ವಾರದ ಮೊದಲ ದಿನ. ಮುಖ್ಯ ಹೀರೋ ಆ ದಿನ ಕೋಟೆಯ ಹತ್ತಿರ ಇರಬೇಕು ಅಂತ ಯಾವ ಆಟಗಾರನಾದರೂ ಬಯಸುತ್ತಾನೆ. ನನ್ನ ಕನ್ಸರ್ವೇಟರಿ ಅವನಿಂದ ಒಂದು ವಾರವನ್ನೇ ಕೇಳುತ್ತಿತ್ತು!

ಮದ್ದು ಸುಲಭವಾಗಿತ್ತು. ಜವುಗಿನ ಮೇಲೆ ಹಾದು ಅಲ್ಲಿಯವರೆಗೂ ಒಂದು ಮಣ್ಣಿನ ದಾರಿ ಎಳೆದೆ. ದಾರಿ ಇದ್ದಲ್ಲಿ ನೆಲದ ದಂಡ ಬೀಳುವುದಿಲ್ಲ. 38 ಚೌಕಕ್ಕೆ 2850. ಎರಡು ದಿನದೊಳಗೆ ತಲುಪಬಹುದು. ಮುಸುಕಿನೊಳಗೆ ಹೋಗುವ ದಾರಿ ಕಂಡರೆ ಅದರ ತುದಿಯಲ್ಲಿ ಏನಿದೆ ಅಂತ ನೋಡುವ ಆಸೆ ತಾನಾಗಿಯೇ ಹುಟ್ಟುತ್ತದೆ. ಹುಡುಕಲು ಕರೆಯುವುದಕ್ಕೆ ದಾರಿಗಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಒಂದು ನಿಯಮ ಮಾಡಿಕೊಂಡಿದ್ದೇನೆ. ಮೊದಲ ವಾರದಲ್ಲಿ ಆಟಗಾರ ನೋಡಲಿ ಅಂತ ನೀವು ಬಯಸುವ ಜಾಗ ಹೋಗಿ ಬರಲು ಆರು ದಿನ ಮೀರಬಾರದು. ಮೀರಿದರೆ ಅದು ಎರಡನೇ ವಾರದ ಜಾಗ, ಅಲ್ಲಿ ಇಡುವ ಸಾಮಾನೂ ಎರಡನೇ ವಾರಕ್ಕೆ ತಕ್ಕದ್ದಾಗಿರಬೇಕು.

ಬಹುಮಾನದ ಬೆಲೆ ದಿನದಿಂದ ದಿನಕ್ಕೆ ಇಳಿಯುತ್ತದೆ

ಹುಡುಕಾಟಕ್ಕೆ ಬಂಡವಾಳ ಬೇಕು. ಟ್ಯಾವರ್ನ್‌ನಲ್ಲಿ ಇನ್ನೊಬ್ಬ ಹೀರೋನನ್ನು ಕೊಳ್ಳಲು 2500 ಚಿನ್ನ. ಒಂದು ಖಜಾನೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 1000, 1500 ಅಥವಾ 2000 ಚಿನ್ನ, ಅದು ಬೇಡ ಅಂದರೆ 500, 1000 ಅಥವಾ 1500 ಅನುಭವ. ಕಾವಲಿಲ್ಲದ ಎರಡು ಪೆಟ್ಟಿಗೆಯಾದರೂ ಹತ್ತಿರದಲ್ಲಿ ಇದ್ದರೆ ಮಾತ್ರ ಆ ಹೊಸ ಹೀರೋ ತನ್ನ ಬೆಲೆ ತಾನು ದುಡಿಯುತ್ತಾನೆ. ಇಲ್ಲದಿದ್ದರೆ ಆಟಗಾರ ಅವನನ್ನು ಕೊಳ್ಳುವುದೇ ಇಲ್ಲ, ಒಬ್ಬನೇ ಹೀರೋ ಎಲ್ಲ ಕೆಲಸ ಮಾಡುತ್ತಾನೆ, ಮುಸುಕು ಹಾಗೇ ಉಳಿಯುತ್ತದೆ. ನನ್ನ ಮ್ಯಾಪ್‌ನಲ್ಲಿ ಎಲ್ಲ ಪೆಟ್ಟಿಗೆಗೂ ಕಾವಲು ಇತ್ತು. ಶುರುವಿಗೆ ಕೈಯಲ್ಲಿ ಕಾಸೂ ಇಲ್ಲ, ಸಾಲವೂ ಇಲ್ಲ ಅನ್ನುವ ಪರಿಸ್ಥಿತಿ.

ಇನ್ನೊಂದು ವಿಷಯ ನಿಧಾನವಾಗಿ ಯೋಚಿಸಬೇಕಾದದ್ದು. ಕೋಟೆಯ ಆಡಳಿತ ಕಟ್ಟಡವನ್ನು ಹಂತಹಂತವಾಗಿ ಏರಿಸಬಹುದು: ವಿಲೇಜ್ ಹಾಲ್ ದಿನಕ್ಕೆ 500 ಚಿನ್ನ ಕೊಡುತ್ತದೆ, ಟೌನ್ ಹಾಲ್ 1000, ಸಿಟಿ ಹಾಲ್ 2000, ಕ್ಯಾಪಿಟಲ್ 4000. ಮೊದಲ ದಿನ 1500ರ ಪೆಟ್ಟಿಗೆ ಸಿಕ್ಕರೆ ಅದು ಮೂರು ದಿನದ ಸಂಪಾದನೆ. ಕ್ಯಾಪಿಟಲ್ ಕಟ್ಟಿದ ಮೇಲೆ ಅದೇ ಪೆಟ್ಟಿಗೆ ಅರ್ಧ ದಿನದ್ದೂ ಅಲ್ಲ. ಅನುಭವಕ್ಕೂ ಇದೇ ಗತಿ. ಲೆವೆಲ್ 2ಕ್ಕೆ 1000 ಅನುಭವ ಸಾಕು, ಮೇಲೆ ಹೋದಷ್ಟೂ ಒಂದೊಂದು ಲೆವೆಲ್‌ಗೂ ಬೇಕಾದದ್ದು ಏರುತ್ತದೆ. ನಾನು ದೂರದ ಮೂಲೆಗಳಲ್ಲಿ ಪೆಟ್ಟಿಗೆ ರಾಶಿ ಹಾಕಿದ್ದೆ. ಆಟಗಾರ ಅಲ್ಲಿಗೆ ತಲುಪುವ ಹೊತ್ತಿಗೆ ಅದು ಗುಡ್ಡ ಅಗೆದು ಇಲಿ ಹಿಡಿದ ಹಾಗೆ.

ಹಾಗಾದರೆ ದೂರದಲ್ಲಿ ಏನಿಡಬೇಕು? ತಡವಾಗಿ ಸಿಕ್ಕರೂ ಬೆಲೆ ಇಳಿಯದ ವಸ್ತು. ರೆಡ್‌ವುಡ್ ಅಬ್ಸರ್ವೇಟರಿ ಸುತ್ತ 20 ಚೌಕ ತೆರೆದು ತೋರಿಸುತ್ತದೆ, ಯಾವ ವಾರದಲ್ಲೂ ಅದು ಕೆಲಸಕ್ಕೆ ಬರುತ್ತದೆ. ಊರಾಚೆ ಇರುವ ಜೀವಿಗಳ ಮನೆಗೆ ಬಾವುಟ ಹಾಕಿದರೆ ವಾರವಾರವೂ ಅಲ್ಲಿ ಪಡೆ ಸಿಗುತ್ತದೆ, ಅದೇ ಜಾತಿಯ ಕೋಟೆ ನಿಮ್ಮದಾಗಿದ್ದರೆ ಅಲ್ಲಿನ ಬೆಳವಣಿಗೆಗೂ ಒಂದು ಸೇರುತ್ತದೆ. ಒಳ್ಳೆಯ ಮಂತ್ರ ಇರುವ ಜಾಗ, ನಡಿಗೆ ಹೆಚ್ಚಿಸುವ ಕುದುರೆ ಲಾಯ ಇವೂ ಹಾಗೆಯೇ.

ನನಗೆ ಎಲ್ಲಕ್ಕಿಂತ ಇಷ್ಟ ಒಬೆಲಿಸ್ಕ್ ಅನ್ನುವ ಕಲ್ಲುಕಂಬ. ಒಂದೊಂದು ಒಬೆಲಿಸ್ಕ್ ನೋಡಿದಾಗಲೂ ಗ್ರೇಲ್ ಅನ್ನುವ ನಿಧಿ ಎಲ್ಲಿ ಹೂತಿದೆ ಅನ್ನುವ ಚಿತ್ರದ ಒಂದು ತುಣುಕು ತೆರೆಯುತ್ತದೆ. ಗ್ರೇಲ್ ತಂದು ಕೋಟೆಯಲ್ಲಿ ಕಟ್ಟಿದರೆ ದಿನಕ್ಕೆ 5000 ಚಿನ್ನ, ಜೀವಿಗಳ ಬೆಳವಣಿಗೆ 50 ಶೇಕಡಾ ಜಾಸ್ತಿ. ಎಲ್ಲ ತುಣುಕೂ ಬೇಕಿಲ್ಲ, ಚುರುಕಾದವನು ಅರ್ಧ ಚಿತ್ರದಲ್ಲೇ ಜಾಗ ಊಹಿಸಿಬಿಡುತ್ತಾನೆ. ಸುತ್ತಾಡಿದವನ ತಲೆಗೂ ಕೆಲಸ ಸಿಗುತ್ತದೆ ಅಲ್ವಾ, ಅದು ಚಿನ್ನದ ಪೆಟ್ಟಿಗೆಯಿಂದ ಆಗುವುದಿಲ್ಲ.

1994ರ ಮಾಸ್ಟರ್ ಆಫ್ ಮ್ಯಾಜಿಕ್ ಆಟ ಇದನ್ನೇ ಇನ್ನೂ ದೊಡ್ಡದಾಗಿ ಮಾಡಿತ್ತು. ಆರ್ಕೇನಸ್, ಮಿರರ್ ಅಂತ ಎರಡು ಲೋಕ. ನಡುವೆ ದಾರಿ ಮಾಡುವ ಗೋಪುರಗಳು. ಕಾವಲು ಗೆದ್ದು ಗೋಪುರ ಹಿಡಿದರೆ ಇನ್ನೊಂದು ಲೋಕವೇ ತೆರೆಯುತ್ತದೆ.

ಹೋಗಿ ವಾಪಸ್ ಬರುತ್ತಿದ್ದರೆ ಕಾವಲು ನೋಡಿ

ಹೀರೋಸ್ 3 ಕಾವಲು ಪಡೆಯ ಸಂಖ್ಯೆಯನ್ನು ಪದದಲ್ಲಿ ಹೇಳುತ್ತದೆ. ಫ್ಯೂ ಅಂದರೆ 1ರಿಂದ 4, ಸೆವೆರಲ್ 5ರಿಂದ 9, ಪ್ಯಾಕ್ 10ರಿಂದ 19, ಲಾಟ್ಸ್ 20ರಿಂದ 49, ಹೋರ್ಡ್ 50ರಿಂದ 99, ಥ್ರಾಂಗ್ 100ರಿಂದ 249. ಒಳ್ಳೆಯ ವ್ಯವಸ್ಥೆ ಇದು. ಪೂರ್ತಿ ಗೊತ್ತಾಗುವುದಿಲ್ಲ, ಪೂರ್ತಿ ಕತ್ತಲೂ ಇಲ್ಲ. ಆದರೆ 20 ಕೂಡ ಲಾಟ್ಸ್, 49 ಕೂಡ ಲಾಟ್ಸ್. ನೀವು 45 ಇಟ್ಟರೆ ಆಟಗಾರ ನಂಬಿ ಹೋಗಿ ಪೆಟ್ಟು ತಿನ್ನುತ್ತಾನೆ. ಒಮ್ಮೆ ಹಾಗಾದರೆ ಮುಂದೆ ಲಾಟ್ಸ್ ಕಂಡಲ್ಲೆಲ್ಲ ಹಿಂದೆ ಸರಿಯುತ್ತಾನೆ. ಮೊದಲ ಎರಡು ವಾರದ ಜಾಗಗಳಲ್ಲಿ ನಾನು ಸಂಖ್ಯೆಯನ್ನು ಆ ಪದದ ಕೆಳಗಿನ ಅರ್ಧದಲ್ಲೇ ಇಡುತ್ತೇನೆ, 20ರಿಂದ 30ರೊಳಗೆ. ಧೈರ್ಯ ಮಾಡಿದವನಿಗೆ ಶುರುವಿನಲ್ಲಿ ಒಳ್ಳೆಯದಾಗಬೇಕು.

ಕನ್ಸರ್ವೇಟರಿಯ ತೊಂದರೆಯೂ ಇಲ್ಲೇ ಇತ್ತು. ಒಳಗೆ 50 ಗ್ರಿಫಿನ್ ಇದ್ದರೆ ಒಂದು ಏಂಜೆಲ್, 200 ಇದ್ದರೆ ನಾಲ್ಕು. ಎಷ್ಟಿವೆ ಅಂತ ಮೂಲ ಆಟ ಹೊರಗಿನಿಂದ ಹೇಳುವುದಿಲ್ಲ, ಮ್ಯಾಪ್ ಮಾಡುವ ನಾವೂ ಅದನ್ನು ಗೊತ್ತು ಮಾಡಲಾಗುವುದಿಲ್ಲ. 50ಕ್ಕೂ 200ಕ್ಕೂ ಎಷ್ಟು ಅಂತರ! ಇಂಥ ಜಾಗವನ್ನು ಆಟದ ಮುಖ್ಯ ಆಸೆಯಾಗಿ ಇಡಬೇಡಿ. ಅದರ ಬದಲು ಪ್ಯಾಂಡೋರಾ ಬಾಕ್ಸ್ ಇಡಿ. ಕಾವಲು ಯಾವುದು, ಎಷ್ಟು, ಗೆದ್ದರೆ ಏನು ಅನ್ನುವುದನ್ನೆಲ್ಲ ಎಡಿಟರ್‌ನಲ್ಲಿ ನೀವೇ ಬರೆಯಬಹುದು. ಪಕ್ಕದಲ್ಲಿ ಒಂದು ಫಲಕ ನೆಟ್ಟು ಒಳಗೆ ಏನು ಕಾದಿದೆ ಅಂತ ಎರಡು ಸಾಲು ಹಾಕಿ. ಫಲಕ ಓದಿ ವಾಪಸ್ ಹೋದವನು ಬೇಕಾದಷ್ಟು ಪಡೆ ಕಟ್ಟಿಕೊಂಡು ಮತ್ತೆ ಬರುತ್ತಾನೆ. ಏನೂ ತಿಳಿಯದೆ ಸೋತವನು ಸೇವ್ ರೀಲೋಡ್ ಮಾಡುತ್ತಾನೆ.

ಕಷ್ಟ ಏರುವ ರೀತಿ

ಇಲ್ಲಿ ಮೂರು ತಪ್ಪು ಕಂಡಿದ್ದೇನೆ.

ಕಷ್ಟ ಬರೀ ಶುರುವಿನಲ್ಲಿ ಇರುವುದು ಒಂದು. ಹೀರೋಸ್ 3ರಲ್ಲಿ ಆಟಗಾರನಿಗೆ ಶುರುವಿಗೆ ಸಿಗುವುದು ಈಸಿಯಲ್ಲಿ 30,000 ಚಿನ್ನ, ನಾರ್ಮಲ್‌ನಲ್ಲಿ 20,000, ಹಾರ್ಡ್‌ನಲ್ಲಿ 15,000, ಎಕ್ಸ್‌ಪರ್ಟ್‌ನಲ್ಲಿ 10,000, ಇಂಪಾಸಿಬಲ್‌ನಲ್ಲಿ ಸೊನ್ನೆ. ಹಾರ್ಡ್‌ಗೂ ಎಕ್ಸ್‌ಪರ್ಟ್‌ಗೂ ಇರುವ ಅಂತರ 5000. ಸಿಟಿ ಹಾಲ್ ಎದ್ದ ಮೇಲೆ ಅದು ಎರಡೂವರೆ ದಿನದ ಆದಾಯ. ಮೊದಲ ವಾರ ಕೈ ಕಟ್ಟಿಹಾಕುತ್ತದೆ, ಮೂರನೇ ವಾರಕ್ಕೆ ಅದರ ಸುಳಿವೂ ಇರುವುದಿಲ್ಲ. ಕೊನೆಯಲ್ಲಿ ಸುಲಭ ಅನ್ನುವ ದೂರಿಗೆ ಡಿಫಿಕಲ್ಟಿ ಏರಿಸಿ ನೋಡಿದರೆ ಶುರು ಇನ್ನಷ್ಟು ಒಣಗುತ್ತದೆ, ಕೊನೆ ಹಾಗೇ ಇರುತ್ತದೆ.

ಕಷ್ಟ ಕ್ಯಾಲೆಂಡರ್ ಜೊತೆ ಏರುವುದು ಎರಡನೆಯದು. ಕಾವಲು ಪಡೆಗಳು ವಾರಕ್ಕೆ 10 ಶೇಕಡಾ ಬೆಳೆಯುತ್ತವೆ. 20 ಇದ್ದದ್ದು ನಾಲ್ಕು ವಾರಕ್ಕೆ 29, ಎಂಟು ವಾರಕ್ಕೆ 42. ಈಗ ಆಟಗಾರನ ಕಡೆ ನೋಡಿ. ಕ್ಯಾಸಲ್ ಅನ್ನುವ ಜಾತಿಯ ಊರಿನಲ್ಲಿ ವಾರಕ್ಕೆ 4 ಸ್ವೋರ್ಡ್ಸ್‌ಮನ್, ಅಂದರೆ ಕತ್ತಿ ಹಿಡಿದ ಸೈನಿಕರು ಸಿಗುತ್ತಾರೆ, ಅದರ ಕೋಟೆ ಪೂರ್ತಿ ಕಟ್ಟಿದರೆ 8. ಕಾವಲಿನಲ್ಲಿ 20 ಸ್ವೋರ್ಡ್ಸ್‌ಮನ್ ಇಟ್ಟರೆ ಅವರು ವಾರಕ್ಕೆ ಎರಡು ಬೆಳೆಯುತ್ತಾರೆ, ಆಟಗಾರ ಎಂಟು. ಕಾದಷ್ಟೂ ಅವನಿಗೇ ಲಾಭ. 100 ಇಟ್ಟರೆ ಅವರು ಮೊದಲ ವಾರವೇ ಹತ್ತು ಬೆಳೆಯುತ್ತಾರೆ. ಆ ಒಂದು ಜಾತಿಯ ಲೆಕ್ಕದಲ್ಲಿ ಕಾವಲೇ ಮುಂದೆ. ಆಟಗಾರನಿಗೆ ಬೇರೆ ಆರು ಜಾತಿಯ ಪಡೆಯೂ ಹೀರೋನ ಶಕ್ತಿಯೂ ಇರುತ್ತದೆ, ಸರಿ. ಆದರೂ ಈ ಲೆಕ್ಕ ಕಣ್ಣು ತೆರೆಸುತ್ತದೆ. ಸಣ್ಣ ಕಾವಲು ಬೆಳೆಯಲು ಬಿಟ್ಟರೆ ಕಾಯುವವನಿಗೆ ದಂಡವೇ ಇಲ್ಲ, ದೊಡ್ಡ ಕಾವಲು ಬೆಳೆಯಲು ಬಿಟ್ಟರೆ ನಿಧಾನದ ಆಟಗಾರನಿಗೆ ಆ ಬಾಗಿಲು ಮುಚ್ಚಿಹೋಗುತ್ತದೆ. ಎಡಿಟರ್‌ನಲ್ಲಿ ಒಂದೊಂದು ಕಾವಲಿಗೂ ಸಂಖ್ಯೆ ಬೆಳೆಯಬಾರದು ಅನ್ನುವ ಗುರುತು ಹಾಕಬಹುದು. ನಾನು ಈಗ ಮ್ಯಾಪ್‌ನ ದೊಡ್ಡ ಬಹುಮಾನಗಳ ಕಾವಲಿಗೆಲ್ಲ ಅದನ್ನು ಹಾಕುತ್ತೇನೆ.

ಮೂರನೆಯದು ಆಟಗಾರನ ಬಲ ನೋಡಿಕೊಂಡು ಶತ್ರುವೂ ಏರುವುದು. ಸ್ವಂತ ಆಟ ಬರೆಯುವವರು ಮೊದಲು ಕೈ ಹಾಕುವುದು ಇದಕ್ಕೇ, ದಯವಿಟ್ಟು ಬೇಡ. 2006ರ ಆಬ್ಲಿವಿಯನ್ ಸ್ಟ್ರಾಟಜಿ ಆಟ ಅಲ್ಲ, ಆದರೂ ಪಾಠ ಅಲ್ಲಿದೆ. ಆಟಗಾರ ಲೆವೆಲ್ ಏರಿದಂತೆ ದಾರಿಯ ದರೋಡೆಕೋರರೂ ದುಬಾರಿ ಗ್ಲಾಸ್ ರಕ್ಷಾಕವಚ ಹಾಕಿಕೊಂಡು ಬರುತ್ತಿದ್ದರು. ದೂರ ಹೋಗಿ ಕಷ್ಟಪಟ್ಟು ಗಳಿಸಿದ್ದಕ್ಕೆ ಅರ್ಥವೇ ಉಳಿಯದ ಹಾಗಾಯಿತು. ಎಲ್ಲಿ ಹೋದರೂ ಕಷ್ಟ ಒಂದೇ ಆಗಿದ್ದರೆ ಹೋಗುವುದು ಯಾಕೆ?

ಕಷ್ಟವನ್ನು ಜಾಗಕ್ಕೆ ಕಟ್ಟಿ. ಕೋಟೆಯಿಂದ ಎರಡು ದಿನದೊಳಗೆ ಸಣ್ಣ ಕಾವಲು, ನಾಲ್ಕು ದಿನದ ದೂರದಲ್ಲಿ ಮಧ್ಯಮ, ಅದರಾಚೆ ಡ್ರ್ಯಾಗನ್‌ಗಳೇ ಕಾಯುವ ಡ್ರ್ಯಾಗನ್ ಯುಟೋಪಿಯಾದಂಥವು. ನೆಲದ ಬಣ್ಣದಲ್ಲೇ ಅದು ಗೊತ್ತಾಗಲಿ. ನನ್ನ ಮ್ಯಾಪ್‌ನಲ್ಲಿ ಹುಲ್ಲು ಮುಗಿದು ಕಪ್ಪು ಲಾವಾ ನೆಲ ಶುರುವಾದರೆ ಇನ್ನು ಹುಷಾರಾಗಿರಬೇಕು ಅಂತ ಆಟಗಾರರು ತಾವೇ ಕಲಿತರು.

ಬೇಗ ಸಿಕ್ಕ ದೊಡ್ಡ ಪಡೆಯಿಂದ ಮುಂದಿನ ಆಟ ನೀರಸವಾಗುವುದನ್ನೂ ಗಮನಿಸಿ. ಒಂದು ಏಂಜೆಲ್‌ಗೆ 200 ಜೀವ, ಹೊಡೆದರೆ 50ರ ಪೆಟ್ಟು. ಊರಿನಲ್ಲಿ ವಾರಕ್ಕೆ ಒಂದು ಹುಟ್ಟುವ ಜೀವಿ. ಮೊದಲ ವಾರದಲ್ಲೇ ನಾಲ್ಕು ಸಿಕ್ಕರೆ ತಿಂಗಳ ಬೆಳೆ ಒಂದೇ ದಿನ ಮನೆಗೆ ಬಂದಂತೆ. ಹತ್ತಿರದ ಜಾಗಗಳಲ್ಲಿ ಪಡೆ ಕೊಡಬೇಡಿ, ನೋಟ ಮತ್ತು ನಡಿಗೆ ಕೊಡಿ.

ವೆಸ್‌ನಾತ್ ಕ್ಯಾಂಪೇನ್ ಬರೆಯುವವರಿಗೆ ಒಂದು ಮಾತು

ಡೇವಿಡ್ ವೈಟ್ 2003ರಲ್ಲಿ ಶುರು ಮಾಡಿದ ಬ್ಯಾಟಲ್ ಫಾರ್ ವೆಸ್‌ನಾತ್ ಅನ್ನುವ ಸ್ಟ್ರಾಟಜಿ ಆಟ ಉಚಿತ, ಕೋಡ್ ಕೂಡ ತೆರೆದಿದೆ. ಒಂದಾದ ಮೇಲೊಂದು ಬರುವ ಸನ್ನಿವೇಶಗಳ ಸರಣಿಗೇ ಅಲ್ಲಿ ಕ್ಯಾಂಪೇನ್ ಅನ್ನುತ್ತಾರೆ. ಅಲ್ಲಿ ದೋಷ ಬೇರೆ ಕಡೆ ಇರುತ್ತದೆ. ಟರ್ನ್‌ಗೆ ಮಿತಿ ಇದೆ, ಬೇಗ ಮುಗಿಸಿದರೆ ಉಳಿದ ಟರ್ನ್‌ಗಳಿಗೆ ಬೋನಸ್ ಚಿನ್ನ ಸಿಗುತ್ತದೆ. ನೀವು ಮೂಲೆಯಲ್ಲಿ ಗುಹೆ ಇಟ್ಟು ನೋಡು ಬಾ ಅನ್ನುತ್ತೀರಿ, ಬೋನಸ್ ಬೇಗ ಮುಗಿಸು ಅನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಸುತ್ತಾಟವೇ ಮುಖ್ಯವಾದ ಸನ್ನಿವೇಶದಲ್ಲಿ ಆ ಬೋನಸ್ ತೆಗೆದುಬಿಡಿ, ಅದಕ್ಕೊಂದು ಸಾಲು ಸಾಕು.

ಹಳೆಯ ಅನುಭವಿ ಸೈನಿಕನನ್ನು ಮತ್ತೆ ಕರೆಯಲು ಸಾಮಾನ್ಯವಾಗಿ 20 ಚಿನ್ನ, ಅವನು ಯಾವ ಲೆವೆಲ್‌ನವನಾದರೂ. ಹಾಗಾಗಿ ಶುರುವಿನಲ್ಲಿ ಚೆನ್ನಾಗಿ ಆಡಿದವನಿಗೂ ಸೈನಿಕರನ್ನು ಕಳೆದುಕೊಂಡವನಿಗೂ ಅಂತರ ಪ್ರತಿ ಸನ್ನಿವೇಶದಲ್ಲೂ ಹಿಗ್ಗುತ್ತದೆ. ಹತ್ತನೇ ಸನ್ನಿವೇಶ ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಗೋಡೆ. ಗುಹೆಯ ಬಹುಮಾನವಾಗಿ ಒಬ್ಬ ಒಳ್ಳೆಯ ಸೈನಿಕನನ್ನು ಇಡಿ. ಹಿಂದೆ ಬಿದ್ದವನಿಗೆ ಅದು ಜೀವದಾನ, ಮುಂದಿರುವವನಿಗೆ ಅಷ್ಟೇನೂ ಹೆಚ್ಚಲ್ಲ.

ಸರಿಯಾಯಿತೇ ಅಂತ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ದಾರಿ ಎಳೆದರೆ ಅಷ್ಟೇ, ಕಾವಲು ಮುಟ್ಟಬೇಡಿ. ಫೈಲ್ ಹೆಸರಿಗೆ ಹೊಸ ನಂಬರ್ ಹಾಕಿ ಬೇರೆಯಾಗಿ ಇಡಿ. ಕನಿಷ್ಠ ಇಬ್ಬರಿಂದ ಆಡಿಸಿ, ಒಬ್ಬರು ಆಟ ಬಲ್ಲವರು, ಇನ್ನೊಬ್ಬರು ಮ್ಯಾಪನ್ನು ಎಂದೂ ನೋಡದವರು. ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಇದು ಬಹಳ ಕಷ್ಟ, ನನಗಂತೂ ಬಾಯಿ ತುದಿಗೆ ಬಂದುಬಿಡುತ್ತದೆ.

ಕೂತು ಆಡುವ ಪರೀಕ್ಷೆ ನೀವೇ ಮಾಡಿ. ಮೂರು ವಾರ ಕೋಟೆ ಬಿಡದೆ ಆಡಿ, ಸೇವ್ ಮಾಡಿ. ಮತ್ತೆ ಶುರುವಿನಿಂದ, ಮೊದಲ ದಿನವೇ ಎರಡನೇ ಹೀರೋ ಕೊಂಡು ಸುತ್ತಾಡಿ, ಅದೇ ದಿನಕ್ಕೆ ಸೇವ್ ಮಾಡಿ. ಎರಡು ಫೈಲ್ ಅಕ್ಕಪಕ್ಕ ಇಟ್ಟು ಪಡೆ, ಚಿನ್ನ, ಹೀರೋ ಲೆವೆಲ್ ಹೋಲಿಸಿ. ಸುತ್ತಾಡಿದ ಫೈಲ್ ಸ್ಪಷ್ಟವಾಗಿ ಮುಂದಿಲ್ಲದಿದ್ದರೆ ದೋಷ ಇನ್ನೂ ಇದೆ. ತೀರಾ ಮುಂದಿದ್ದರೆ, ಅಂದರೆ ಮೂರನೇ ವಾರದಲ್ಲೇ ಯುಟೋಪಿಯಾ ಹೊಡೆಯುವಷ್ಟು, ಹತ್ತಿರದ ಬಹುಮಾನದಲ್ಲಿ ಪಡೆ ಜಾಸ್ತಿಯಾಗಿದೆ.

ನನ್ನ ಮ್ಯಾಪ್ ಈಗ ಏಳನೇ ನಂಬರಿನಲ್ಲಿದೆ. ಕೊನೆಯ ಸಲ ಬಂದ ಎರಡನೇ ವಾರದ ಫೈಲ್‌ನಲ್ಲಿ ಮುಸುಕು ದಾರಿಗಳ ಉದ್ದಕ್ಕೂ ಸರಿದಿತ್ತು, ಒಬ್ಬೊಬ್ಬರಿಗೂ ಮೂರು ಹೀರೋ ಇದ್ದರು, ಎರಡು ಒಬೆಲಿಸ್ಕ್ ಆಗಿತ್ತು. ನೆಲದಡಿಯ ಭಾಗಕ್ಕೆ ಮಾತ್ರ ಇನ್ನೂ ಯಾರೂ ಇಳಿದಿಲ್ಲ. ಅದರ ಬಾಗಿಲು ಲಾವಾ ನೆಲದ ನಡುವೆ, ಕೋಟೆಯಿಂದ ಐದು ದಿನದ ದೂರದಲ್ಲಿದೆ. ಎಂಟನೇ ನಂಬರಿನಲ್ಲಿ ಹುಲ್ಲಿನ ಕಡೆಗೆ ಇನ್ನೊಂದು ಬಾಗಿಲು ತೆರೆದು ನೋಡುತ್ತೇನೆ.